ಮಗು ಮಲಗಿದಾಗ ತಾಯಿ ಮಲಗಿದಳೇ?

ಶಿರಸಿಯ ನಮ್ಮ ತವರುಮನೆಯಲ್ಲಿ ಅಮ್ಮಿಯ ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇದೆ. ಮೊನ್ನೆ ಅದನ್ನು ಹೊರಗೆಳೆದು ಒಳಗಿದ್ದುದನ್ನು ಎಣಿಸಿದೆ. 28 ಲಂಗೋಟಿ, 9 ಜಬಲಾ, 6 ಕುಲಾವಿ, 2 ಕುಂಚಿಗೆ, ತೊಟ್ಟಿಲಿಗೆ ಕಟ್ಟುವ ಕಪ್ಪು-ಬಿಳಿ ಬಟ್ಟೆಯ ಗೊಂಬೆಗಳ ಒಂದು ಸರ, 3 ಕೌದಿ. ಇಷ್ಟನ್ನೂ ನನ್ನ ಕಿರಿಯ ತಂಗಿ ಚೊಚ್ಚಲ ಹೆರಿಗೆಯಾದ ಬಳಿಕ ನಾಲ್ಕೇ ವಾರಗಳಲ್ಲಿ ಹೊಲಿದಿದ್ದಳು. ಕೌದಿಗಳಲ್ಲಿ ಒಂದು ಮಾತ್ರ ಆಗ ಅರ್ಧಕ್ಕೆ ನಿಂತಿತ್ತು.

ಸಹೋದರಿಯರೇ, ಹಸುಗೂಸಿಗೆ ಬೇಕಾದುದನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ ಎಂದು ಬರೆಯಿರಿ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತಲೇ ಇದ್ದೀರಿ. ಬರೆಯುತ್ತೇನೆ. ಆದರೆ ಈ ಪೆಟ್ಟಿಗೆಯನ್ನು ಬದಿಗಿಟ್ಟು ಬರೆಯಲು ನನ್ನಿಂದಾಗುವುದಿಲ್ಲ. ಯಾಕೆಂದರೆ ಇದರಲ್ಲಿ ನನ್ನ ತಪ್ಪೂ ಸೇರಿದೆ.

ಎರಡು ವರ್ಷಗಳ ಹಿಂದಿನ ಮಳೆಗಾಲ. ತಂಗಿಗೂ ನನಗೂ ಹದಿನೈದು ವರ್ಷಗಳ ಅಂತರ. ಅವಳಿಗೆ ಅಲಿಫ್ ಬಾ ಕಲಿಸಿದವಳೂ ನಾನೇ. ಹೀಗಾಗಿ ಅವಳಿಗೆ ನಾನು ಅಕ್ಕನೂ ಹೌದು, ಮದ್ರಸದ ಆಪಾನೂ ಹೌದು. ಗಂಡನಿಗೆ ಹುಬ್ಬಳ್ಳಿಯಲ್ಲಿ ಕೆಲಸ. ಏಳನೆಯ ತಿಂಗಳಿಗೇ ಅವಳು ತವರಿಗೆ ಬಂದಿದ್ದಳು. ಹೆರಿಗೆ ಸುಸೂತ್ರವಾಯಿತು. ಗಂಡು ಮಗು, 2 ಕೆ.ಜಿ. 800 ಗ್ರಾಂ. ಏಳನೆಯ ದಿನ ಹೆಸರಿಟ್ಟು ಅಕೀಕಾ ಮಾಡಿದೆವು. ತಲೆಕೂದಲು ತೆಗೆಸಿ ಅದರ ತೂಕದ ಬೆಳ್ಳಿಯ ಬೆಲೆಯನ್ನು ಸದಕಾ ಕೊಟ್ಟೆವು. ಬಂದವರೆಲ್ಲ ಮಗುವಿನ ಮೂಗು ಯಾರದು, ಕಿವಿ ಯಾರದು ಎಂದು ಚರ್ಚಿಸಿ, ಬಿರಿಯಾನಿ ಉಂಡು ಹೋದರು.

ಶಿರಸಿಯ ಮಳೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಜುಲೈ ತಿಂಗಳಲ್ಲಿ ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನವಾದರೂ ತಣ್ಣಗೇ ಇರುತ್ತದೆ. ಮಗುವಾದರೋ ಗಂಟೆಗೊಮ್ಮೆ ಒದ್ದೆ ಮಾಡುತ್ತದೆ. ಹೀಗಾಗಿ ಹೊಲಿಗೆ ಲಂಗೋಟಿಯಿಂದಲೇ ಶುರುವಾಯಿತು. ಇದಕ್ಕೆ ಹೊಸ ಬಟ್ಟೆ ತರಬೇಡಿ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಹೀರುವುದಿಲ್ಲ. ಹತ್ತಾರು ವರ್ಷ ಒಗೆದು ಒಗೆದು ಮೆತ್ತಗಾದ ಅಜ್ಜಿಯ ಹತ್ತಿ ಸೀರೆ ಅಥವಾ ಅಬ್ಬಾನ ಹಳೆಯ ಲುಂಗಿ ಇದಕ್ಕೆ ಹೇಳಿ ಮಾಡಿಸಿದ್ದು. ಎರಡು ಅಡಿ ಚೌಕ ಕತ್ತರಿಸಿ ಅಂಚು ಮಡಚಿ ಹೊಲಿದರೆ ಆಯಿತು. ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ ಕಟ್ಟುವುದು. ಒಳಗೆ ಬೇರೊಂದು ಉದ್ದನೆಯ ಮಡಿಕೆ ಇಟ್ಟರೆ ರಾತ್ರಿ ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತದೆ. ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿದರೆ ಚರ್ಮ ಕೆಂಪಾಗುವುದು ಖಂಡಿತ. ಒಗೆದಾಗ ಸಾಬೂನು ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಬಟ್ಟೆ ಮೆತ್ತಗಾಗಲೆಂದು ಹಾಕುವ ಸುವಾಸನೆಯ ದ್ರಾವಣ ಬೇಡ, ಅದರಿಂದ ಹೀರುವ ಗುಣವೇ ಹೋಗುತ್ತದೆ.

ಒಣಗಿಸುವುದಕ್ಕೆ ನಮ್ಮ ಅಮ್ಮಿಯದು ಹಳೆಯ ಉಪಾಯ. ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಹಾಕಿ, ಅದರ ಮೇಲೆ ಬಟ್ಟೆ ಹರಡುವುದು. ಕೆಂಡಕ್ಕೆ ಒಂದು ಚಿಟಿಕೆ ಲೋಬಾನ. ಕೋಣೆಯ ತುಂಬ ಪರಿಮಳ. ಅದನ್ನು ಬಾಣಂತಿಯ ಕೋಣೆಯಲ್ಲಿ ಮಾಡಬೇಡಿ, ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ ಎಂದು ಆಸ್ಪತ್ರೆಯ ನರ್ಸಮ್ಮ ಮೊದಲೇ ಹೇಳಿ ಕಳಿಸಿದ್ದರು. ಕೊನೆಗೆ ಬುಟ್ಟಿ ಬಚ್ಚಲೊಲೆಯ ಬಳಿ ಹೋಯಿತು, ಲೋಬಾನ ಡಬ್ಬಿಯಲ್ಲೇ ಉಳಿಯಿತು. ಅಮ್ಮಿಗೆ ಎರಡು ದಿನ ಮುನಿಸು.

ಅಮ್ಮಿಯ ಮುನಿಸಿಗೆ ಇನ್ನೂ ಮೂರು ಕಾರಣಗಳಿದ್ದವು. ತಲೆ ಗುಂಡಗಾಗಲೆಂದು ಅವರು ಹೊಲಿದಿಟ್ಟಿದ್ದ ಸಾಸಿವೆ ದಿಂಬು ಒಂದು. ವರ್ಷ ತುಂಬುವ ತನಕ ಮಗುವಿಗೆ ದಿಂಬು ಬೇಡ, ಮಲಗಿದ ಮಗುವಿನ ಮುಖದ ಹತ್ತಿರ ಮೆತ್ತನೆಯ ಯಾವುದೂ ಇರಬಾರದು, ಬೆನ್ನ ಮೇಲೇ ಮಲಗಿಸಿ ಎಂಬುದು ಈಗಿನ ವೈದ್ಯರ ಮಾತು. ಎರಡನೆಯದು ದೀಪದ ಕಾಡಿಗೆ. ಅದನ್ನು ಕಣ್ಣಿಗೆ ಹಚ್ಚುವುದು ಸೋಂಕಿಗೆ ದಾರಿ. ಅಂಗಡಿಯ ಕಾಡಿಗೆಯಲ್ಲಿ ಸೀಸವೂ ಇರಬಹುದು. ಮೂರನೆಯದು ಜೇನು. ತಹ್ನೀಕ್‌ಗೆ ಜೇನೇ ಬೇಕೆಂದು ನಮ್ಮಲ್ಲಿ ಹಲವರ ತಿಳುವಳಿಕೆ. ಹದೀಸ್‌ಗಳಲ್ಲಿ ಬರುವುದು ಖರ್ಜೂರ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಿದರೆ ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನಿಂದ ಮಗುವಿನ ನರಗಳಿಗೇ ವಿಷವೇರುವ ಅಪಾಯವಿದೆ. ಅಬ್ಬಾ ಮಗುವಿನ ಅಂಗುಳಕ್ಕೆ ಖರ್ಜೂರದ ರಸವನ್ನು ತಾಗಿತೋ ಇಲ್ಲವೋ ಎನ್ನುವಷ್ಟು ಮಾತ್ರ ಸವರಿದರು. ಆಮೇಲೆ ಆರು ತಿಂಗಳು ಎದೆಹಾಲಲ್ಲದೆ ಬೇರೇನನ್ನೂ ಕೊಡಲಿಲ್ಲ, ನೀರನ್ನೂ ಕೂಡ.

ಇನ್ನು ಕೌದಿ. ಇದರಲ್ಲಿ ಅಮ್ಮಿಯದೇ ಮೇಲುಗೈ. ಯಲ್ಲಾಪುರದ ಕಡೆಯ ಒಬ್ಬ ಸಿದ್ದಿ ಹೆಂಗಸಿನಿಂದ ಅವರು ಇದನ್ನು ಕಲಿತದ್ದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಕೌದಿ ಮಾತ್ರ ಎಲ್ಲರದೂ. ಹಳೆಯ ಸೀರೆಯನ್ನು ಹಾಸಿ, ಅದರ ಮೇಲೆ ಬಟ್ಟೆಯ ತುಂಡುಗಳನ್ನು ಒಂದು ಅಂಚಿನ ಮೂಲೆಯಿಂದ ಇಡುತ್ತಾ, ಸಣ್ಣ ಸಾದಾ ಹೊಲಿಗೆ ಹಾಕುತ್ತಾ ಸುತ್ತಲೂ ಬರುತ್ತಾರೆ. ಸುತ್ತು ಕಿರಿದಾಗುತ್ತಾ ಹೋಗಿ ಮಧ್ಯದಲ್ಲಿ ಮುಗಿಯುತ್ತದೆ. ಬಳಿಕ ನಾಲ್ಕು ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ಹೂ. ಮಗುವಿನ ಕೌದಿಗೆ ಎರಡೂವರೆ ಅಡಿ ಅಗಲ, ಮೂರು ಅಡಿ ಉದ್ದ ಸಾಕು. ಒಳಗೆ ಹಳೆಯ ಬಟ್ಟೆಯ ಎರಡೇ ಪದರ ಇರಲಿ, ದಪ್ಪವಾದರೆ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಅದು ಹಾಸಲಿಕ್ಕೆ, ಮಲಗಿದ ಮಗುವಿನ ಮೇಲೆ ಹೊದಿಸಲಿಕ್ಕಲ್ಲ. ಸಿಂಥೆಟಿಕ್ ಸೀರೆಯ ತುಂಡು ಚಂದ ಕಾಣುತ್ತದೆಂದು ನಡುವೆ ಸೇರಿಸಬೇಡಿ.

ತಂಗಿಯ ಬೆರಳುಗಳು ಚಿಕ್ಕಂದಿನಿಂದಲೂ ಚುರುಕು. ನಾನು ವಾರಕ್ಕೆರಡು ಸಲ ಹೋದಾಗಲೆಲ್ಲ ಹೊಸದೇನಾದರೂ ಸಿದ್ಧವಾಗಿರುತ್ತಿತ್ತು. ಆ ಗೊಂಬೆಗಳ ಸರವನ್ನೂ ಅವಳೇ ಯೋಚಿಸಿ ಮಾಡಿದ್ದು. ಹುಟ್ಟಿದ ಮಗುವಿಗೆ ಒಂದಡಿಯಷ್ಟು ಹತ್ತಿರ ಇರುವುದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಅದರಲ್ಲೂ ಕಪ್ಪು-ಬಿಳಿಯಂತಹ ಎದ್ದು ಕಾಣುವ ಬಣ್ಣಗಳು ಎಂದು ಎಲ್ಲೋ ಓದಿದ್ದಳಂತೆ. ಹಳೆಯ ಬುರ್ಖಾದ ತುಂಡು, ಅಬ್ಬಾನ ಬಿಳಿ ಪೈಜಾಮದ ತುಂಡು. ಮಗು ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿತ್ತು.

ನನಗೆ ಹೆಮ್ಮೆಯೋ ಹೆಮ್ಮೆ. ಮೂರನೆಯ ವಾರ ಮೂರು ಕುಲಾವಿ, ಒಂದು ಕೌದಿಯನ್ನು ಚೀಲಕ್ಕೆ ಹಾಕಿಕೊಂಡು ಮದ್ರಸದ ಮಹಿಳೆಯರ ತರಗತಿಗೆ ಒಯ್ದೆ. ಅಂದಿನ ಪಾಠ ದುಂದುಗಾರಿಕೆಯ ಬಗ್ಗೆ. "ನೋಡಿ, ಬಾಣಂತಿ ಕೋಣೆಯಲ್ಲಿ ಕುಳಿತು ಒಂದು ಕ್ಷಣವನ್ನೂ ವ್ಯರ್ಥ ಮಾಡದೆ, ಒಂದು ತುಂಡು ಬಟ್ಟೆಯನ್ನೂ ಎಸೆಯದೆ ಏನೆಲ್ಲ ಮಾಡಿದ್ದಾಳೆ. ನಾವು ಮೊಬೈಲ್ ನೋಡುತ್ತಾ ಎಷ್ಟು ಹೊತ್ತು ಕಳೆಯುತ್ತೇವೆ?" ಎಂದೆ. ಎಲ್ಲರೂ ಮಾಷಾ ಅಲ್ಲಾಹ್ ಎಂದರು. ಸಂಜೆ ಮನೆಗೆ ಹೋಗಿ ತಂಗಿಗೂ ಇದನ್ನು ಹೇಳಿದೆ. ಅವಳು ನಕ್ಕಳು. ಆ ನಗೆಯನ್ನು ಆಗ ಸರಿಯಾಗಿ ನೋಡಿದ್ದರೆ ಎಂದು ಈಗ ಅನಿಸುತ್ತದೆ.

28ನೆಯ ದಿನ ಆಶಾ ಕಾರ್ಯಕರ್ತೆ ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಮನೆಗಳಿಗೆ ಅವರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರುತ್ತಾರೆ. ಮಗುವನ್ನು ಜೋಳಿಗೆಯಲ್ಲಿಟ್ಟು ತಕ್ಕಡಿಗೆ ತೂಗಿಸಿದರು. 3 ಕೆ.ಜಿ. 700 ಗ್ರಾಂ. ಉಷ್ಣಾಂಶ ನೋಡಿದರು, ಹೊಕ್ಕುಳು ನೋಡಿದರು, ಪುಸ್ತಕದಲ್ಲಿ ಬರೆದುಕೊಂಡರು. ನಾನೂ ಅಲ್ಲೇ ಇದ್ದೆ. ಕೌದಿ, ಕುಲಾವಿಗಳನ್ನೆಲ್ಲ ಅವರ ಮುಂದೆ ಹರಡಿದೆ. ಅವರು ಹೊಗಳಲಿಲ್ಲ. ಅರ್ಧವಾಗಿದ್ದ ಕೌದಿಯನ್ನು ಕೈಯಲ್ಲಿ ಹಿಡಿದು ಹೊಲಿಗೆಯನ್ನು ನೋಡಿ ಕೇಳಿದರು:

"ಇದನ್ನೆಲ್ಲ ಯಾವಾಗ ಹೊಲಿಯುತ್ತೀಯ ತಂಗಿ?"

"ರಾತ್ರಿ, ಮಗು ಮಲಗಿದ ಮೇಲೆ."

"ಮಗು ಮಲಗಿದಾಗ ನಿನಗೆ ನಿದ್ದೆ ಬರುವುದಿಲ್ಲವೇ?"

ತಂಗಿ ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ, "ಬರುವುದಿಲ್ಲ ಅಕ್ಕ. ಮಲಗಿದರೆ ಎದೆ ಹೊಡೆದುಕೊಳ್ಳುತ್ತದೆ. ಕೈಯಲ್ಲಿ ಸೂಜಿ ಇದ್ದರೆ ಮಾತ್ರ ಕೆಟ್ಟ ಯೋಚನೆ ಬರುವುದಿಲ್ಲ" ಎಂದಳು. ಬಿಕ್ಕಿ ಬಿಕ್ಕಿ ಅತ್ತಳು. ಮಗುವನ್ನು ನೋಡಿದರೆ ತನಗೆ ಏನೂ ಅನಿಸುವುದಿಲ್ಲವಂತೆ. ಎಲ್ಲರೂ ಅಲ್‌ಹಮ್ದುಲಿಲ್ಲಾಹ್ ಎನ್ನುವಾಗ ತಾನು ಮಾತ್ರ ಕೃತಘ್ನಳು ಅನಿಸುತ್ತದಂತೆ. ನಿಫಾಸ್‌ನ ದಿನಗಳು, ನಮಾಝೂ ಇಲ್ಲ, ಅಲ್ಲಾಹನೂ ನನ್ನನ್ನು ದೂರ ಇಟ್ಟಿದ್ದಾನೆ ಅನಿಸಿತಂತೆ. ಕೊನೆಗೆ ನನ್ನ ಕಡೆ ತಿರುಗಿ, "ನೀವೇ ಹೇಳಿದಿರಲ್ಲ ಆಪಾ, ಒಂದು ಕ್ಷಣವೂ ವ್ಯರ್ಥ ಮಾಡುವುದಿಲ್ಲ ಅಂತ" ಎಂದಳು.

ಇಪ್ಪತ್ತು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಾ ಬಂದ ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ. ನಾಲ್ಕು ವಾರ ನಾವು ಮಗುವನ್ನು ತೂಗಿದ್ದೆವು, ಮಗು ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಸಲ ಒದ್ದೆ ಮಾಡಿತು ಎಂದು ಲೆಕ್ಕ ಇಟ್ಟಿದ್ದೆವು. ಒಂದೇ ಕೋಣೆಯಲ್ಲಿದ್ದ ಇನ್ನೊಂದು ಜೀವವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬದಲಿಗೆ ಅವಳ ಕಾಯಿಲೆಯ ಗುರುತನ್ನೇ ಒಯ್ದು ಹತ್ತು ಜನರಿಗೆ ಆದರ್ಶವೆಂದು ತೋರಿಸಿದ್ದೆ.

ಮರುದಿನವೇ ತಾಲೂಕು ಆಸ್ಪತ್ರೆಯ ವೈದ್ಯೆಯ ಬಳಿ ಹೋದೆವು. ಅವರು ಒಂದು ಹಾಳೆ ತೆಗೆದು 10 ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಕೇಳಿದರು. ಕಳೆದ ಏಳು ದಿನಗಳಲ್ಲಿ ನಗು ಬಂದಿತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ದುಃಖದಿಂದ ನಿದ್ದೆ ಕೆಟ್ಟಿತೇ, ತನ್ನನ್ನೇ ನೋಯಿಸಿಕೊಳ್ಳುವ ಯೋಚನೆ ಬಂದಿತೇ ಎಂಬಂಥವು. ಸ್ಕಾಟ್ಲೆಂಡಿನಲ್ಲಿ ಸಿದ್ಧವಾಗಿ 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿ ಅದು. ಇಂದು ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ. ಹೆರಿಗೆಯಾದ ಎರಡು ಮೂರು ದಿನಗಳಲ್ಲಿ ಅಳು ಬರುವುದು, ಸಿಡುಕುವುದು ಬಹಳಷ್ಟು ತಾಯಂದಿರಿಗೆ ಆಗುತ್ತದೆ, ಎರಡು ವಾರಗಳೊಳಗೆ ತಾನಾಗಿಯೇ ಹೋಗುತ್ತದೆ, ಅದು ಕಾಯಿಲೆಯಲ್ಲ ಎಂದು ವೈದ್ಯೆ ವಿವರಿಸಿದರು. ಎರಡು ವಾರ ದಾಟಿದರೂ ಹೋಗದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಅದು ಬಾಣಂತಿಯ ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಪರಿಶೀಲನೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ತಾಯಂದಿರಲ್ಲಿ ಶೇಕಡಾ 22ರಷ್ಟು ಮಂದಿಗೆ ಇದು ಕಾಣಿಸಿಕೊಳ್ಳುತ್ತದೆ. ಅಂದರೆ ಐವರಲ್ಲಿ ಒಬ್ಬಳು. ನಮ್ಮ ತರಗತಿಯಲ್ಲಿ ಅಂದು ಮಾಷಾ ಅಲ್ಲಾಹ್ ಎಂದವರಲ್ಲೂ ಕೆಲವರು ಇದನ್ನು ದಾಟಿ ಬಂದಿರಬೇಕು, ಯಾರಿಗೂ ಹೇಳದೆ.

ವೈದ್ಯೆ ಮಾತ್ರೆ ಬರೆದುಕೊಟ್ಟರು. ಎದೆಹಾಲು ಕುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ, ಅದಕ್ಕೆ ಹೊಂದುವ ಔಷಧವನ್ನೇ ಕೊಟ್ಟಿದ್ದೇನೆ ಎಂದರು. ವಾರಕ್ಕೊಮ್ಮೆ ಆಪ್ತಸಲಹೆ. ಮತ್ತೆ ಮನೆಯವರಿಗೆ ಒಂದು ಕೆಲಸ: ಈಕೆಗೆ ರಾತ್ರಿ ಐದು ಗಂಟೆಯಾದರೂ ಒಂದೇ ಸಮನೆ ನಿದ್ದೆ ಸಿಗಬೇಕು.

ಅದು ಹೇಗೆ ಸಾಧ್ಯ ಎಂದು ನಾವು ಮುಖ ಮುಖ ನೋಡಿಕೊಂಡೆವು. ದಾರಿ ಅಮ್ಮಿಯ ಪಾತ್ರೆ ಕಪಾಟಿನಲ್ಲೇ ಇತ್ತು, ನಮಗೆಲ್ಲ ಹಾಲು ಕುಡಿಸಿದ್ದ ಹಿತ್ತಾಳೆಯ ಒಳಲೆ. ಅದನ್ನು ಇಟ್ಟು ಸ್ಟೀಲಿನದೊಂದನ್ನು ತಂದು ಕುದಿಸಿಕೊಂಡೆವು. ರಾತ್ರಿ ಹತ್ತಕ್ಕೆ ತಂಗಿ ಹಾಲು ಹಿಂಡಿ ಮುಚ್ಚಿದ ಲೋಟದಲ್ಲಿಟ್ಟು ಮಲಗುವುದು. ಕೋಣೆಯ ಹವೆಯಲ್ಲಿ ಅದು ನಾಲ್ಕು ಗಂಟೆ ಕೆಡದೆ ಇರುತ್ತದೆ. ಒಂದು ಗಂಟೆಯ ಹೊತ್ತಿಗೆ ಮಗು ಎದ್ದಾಗ ಅಮ್ಮಿ ಒಳಲೆಯಲ್ಲಿ ಕುಡಿಸುವುದು. ಶನಿವಾರ ರಾತ್ರಿ ಹುಬ್ಬಳ್ಳಿಯಿಂದ ಮಗುವಿನ ತಂದೆ ಬಂದಾಗ ಅದು ಅವನ ಪಾಳಿ. ಮೊದಲ ರಾತ್ರಿ ಅರ್ಧ ಹಾಲು ಅವನ ಅಂಗಿಗೇ ಹೋಯಿತು. ಆದರೂ ಬಿಡಲಿಲ್ಲ. ಗಂಡಸರಿಗೆ ಇದು ಬರುವುದಿಲ್ಲ ಎಂದು ನಾವೇ ಹೇಳಿ ಹೇಳಿ ಅವರನ್ನು ಕೋಣೆಯ ಹೊರಗೆ ಇಟ್ಟಿರುತ್ತೇವೆ. ಅಲ್ ಬಕರಃ ಅಧ್ಯಾಯದ 233ನೆಯ ಸೂಕ್ತವನ್ನು ನಾವು ಎರಡು ವರ್ಷ ಹಾಲೂಡಿಸುವ ಮಾತಿಗಷ್ಟೇ ನೆನಪಿಟ್ಟುಕೊಂಡಿದ್ದೇವೆ. ತಾಯಿಯ ಅನ್ನ, ಬಟ್ಟೆಯ ಹೊಣೆ ತಂದೆಯದೆಂದೂ, ಹಾಲು ಬಿಡಿಸುವುದನ್ನು ಇಬ್ಬರೂ ಸಮಾಲೋಚಿಸಿ ತೀರ್ಮಾನಿಸಬಹುದೆಂದೂ, ಮಗುವಿನ ಕಾರಣಕ್ಕೆ ತಾಯಿಯನ್ನು ಕಷ್ಟಕ್ಕೆ ಗುರಿಪಡಿಸಬಾರದೆಂದೂ ಅದೇ ಸೂಕ್ತದಲ್ಲಿದೆ.

ವಿಷಯ ಹೊರಗೆ ಹೋದಾಗ ಮಾತುಗಳೂ ಬಂದವು. ನಝರ್ ತಾಗಿದೆ ಎಂದರು ಒಬ್ಬರು. ಈಮಾನ್ ದುರ್ಬಲವಾದವರಿಗೆ ಹೀಗಾಗುತ್ತದೆ ಎಂದರು ಇನ್ನೊಬ್ಬರು, ಅದೂ ಓದಿಕೊಂಡವರು. ಅವರಿಗೆ ನಾನು ಸೂರಃ ಮರ್ಯಮ್ ನೆನಪಿಸಿದೆ. ಹೆರಿಗೆ ನೋವಿನಲ್ಲಿ ಖರ್ಜೂರದ ಮರದ ಬುಡಕ್ಕೆ ಬಂದು, ಇದಕ್ಕಿಂತ ಮುಂಚೆಯೇ ಸತ್ತು ಹೋಗಿದ್ದರೆ, ಜನರ ನೆನಪಿನಿಂದಲೇ ಅಳಿದಿದ್ದರೆ ಎಂದು ಹಂಬಲಿಸಿದವರು ಯಾರು? ಜಗತ್ತಿನ ಸ್ತ್ರೀಯರಲ್ಲಿ ಆರಿಸಲ್ಪಟ್ಟ ಹಝ್ರತ್ ಮರ್ಯಮ್(ಅ). ಅದಕ್ಕೆ ಸಿಕ್ಕ ಉತ್ತರವೇನು? ಗದರಿಕೆಯಲ್ಲ, ಉಪದೇಶವಲ್ಲ. ದುಃಖಿಸಬೇಡ ಎಂಬ ಸಾಂತ್ವನ, ಕಾಲ ಬಳಿ ಹರಿಯುವ ನೀರು, ಮಾಗಿದ ಖರ್ಜೂರ, ತಿನ್ನು, ಕುಡಿ, ಕಣ್ಣು ತಂಪು ಮಾಡಿಕೋ ಎಂಬ ಮಾತು. ಜನರಿಗೆ ಉತ್ತರ ಕೊಡುವ ಹೊರೆಯನ್ನೂ ಅಂದು ಅವರ ಮೇಲಿಂದ ಇಳಿಸಲಾಯಿತು. ಈ ಸೂರಃವನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೇನೋ. ತಜ್ವೀದ್ ತಿದ್ದಿದ್ದೇನೆ, ಅರ್ಥ ಬರೆಸಿದ್ದೇನೆ. ಬಾಣಂತಿಯ ಕೋಣೆಯಲ್ಲಿ ಅದನ್ನು ಓದಿದ್ದು ಅದೇ ಮೊದಲು.

ತಂಗಿಗೆ ಇನ್ನೊಂದನ್ನೂ ಹೇಳಿದೆ. ನಿಫಾಸ್‌ನಲ್ಲಿ ನಮಾಝ್ ಇಲ್ಲದಿರುವುದು ಅಲ್ಲಾಹನು ಕೊಟ್ಟ ರಿಯಾಯಿತಿ, ದೂರವಿಡುವಿಕೆಯಲ್ಲ. ದುಆಗೆ, ಝಿಕ್ರ್‌ಗೆ ಯಾವ ತಡೆಯೂ ಇಲ್ಲ, ಮಲಗಿದಲ್ಲೇ ಮಾಡಬಹುದು. ಪ್ರವಾದಿ(ಸ)ರವರು ನಮಾಝ್‌ನಲ್ಲಿ ನಿಂತಿದ್ದಾಗ ಮಗುವಿನ ಅಳು ಕೇಳಿದರೆ, ತಾಯಿಯ ಮನಸ್ಸಿನ ಕಳವಳವನ್ನು ಅರಿತು ನಮಾಝನ್ನೇ ಚಿಕ್ಕದು ಮಾಡುತ್ತಿದ್ದರೆಂದು ಹದೀಸ್‌ನಲ್ಲಿದೆ. ಇಮಾಮತ್ ಮಾಡುವಾಗಲೂ ಹಿಂದಿನ ಸಾಲಿನ ಒಬ್ಬ ತಾಯಿಯ ಮೇಲೆ ಅವರ ಗಮನವಿರುತ್ತಿತ್ತು. ನಾನು ಪಕ್ಕದಲ್ಲೇ ಕುಳಿತು ಗಮನಿಸಲಿಲ್ಲ.

ಗುಣವಾಗಲು ಸಮಯ ಹಿಡಿಯಿತು. ಎರಡು ವಾರಗಳಲ್ಲಿ ನಿದ್ದೆ ಸರಿಹೋಯಿತು, ಮನಸ್ಸು ತಿಳಿಯಾಗಲು ಮೂರು ತಿಂಗಳು ಬೇಕಾಯಿತು. ಮಧ್ಯೆ ಮಧ್ಯೆ ಕೆಟ್ಟ ದಿನಗಳೂ ಬಂದವು. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಇಂಥ ತಾಯಿ ಇದ್ದರೆ ಆಶಾ ಕಾರ್ಯಕರ್ತೆಗೋ ಹತ್ತಿರದ ಆಸ್ಪತ್ರೆಗೋ ತಿಳಿಸಿ. 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆ ಹೆಚ್ಚಾದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಬೇರ್ಪಡಿಸದೆ ಒಟ್ಟಿಗೆ ಇಟ್ಟು ಚಿಕಿತ್ಸೆ ನೀಡುವ ಘಟಕ 2009ರಿಂದಲೇ ಇದೆ. ಬಾಣಂತಿ ಇಲ್ಲದ ಧ್ವನಿ ಕೇಳಿಸುತ್ತದೆ ಎಂದರೆ, ತನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಎಂದರೆ, ನಾಳೆಗೆ ಕಾಯಬೇಡಿ. ಅವಳನ್ನು ಒಬ್ಬಳೇ ಬಿಡದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆರು ತಿಂಗಳು ತುಂಬಿದ ಮೇಲೆ ಮಗುವಿಗೆ ರಾಗಿ ಮಣ್ಣಿ ಶುರು ಮಾಡಿದೆವು. ಇದನ್ನು ಬಹಳ ಜನ ಕೇಳಿದ್ದೀರಿ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳ್ಳನೆಯ ಬಟ್ಟೆಯಲ್ಲಿ ಜರಡಿ ಹಿಡಿಯುವುದು. ಒಂದು ಚಮಚ ಹಿಟ್ಟನ್ನು ನೀರಿನಲ್ಲಿ ಕದಡಿ, ಗಂಟಾಗದಂತೆ ಕೈಯಾಡಿಸುತ್ತಾ ಬೇಯಿಸಿದರೆ ಆಯಿತು. ಉಪ್ಪು, ಸಕ್ಕರೆ, ಬೆಲ್ಲ ಒಂದು ವರ್ಷದವರೆಗೆ ಬೇಡ. ಹಿಟ್ಟು ಮಾಡಿದ್ದು ನಾನು, ಬೇಯಿಸಿದ್ದು ಅಮ್ಮಿ. ತಂಗಿ ಪಡಸಾಲೆಯಲ್ಲಿ ಬಿಸಿಲು ಕಾಯಿಸುತ್ತಾ ಕುಳಿತಿದ್ದಳು. ಏನನ್ನೂ ಮಾಡುತ್ತಿರಲಿಲ್ಲ. ನೋಡಿ ಖುಷಿಯಾಯಿತು.

ಮಹಿಳೆಯರ ತರಗತಿಯಲ್ಲೂ ನಾನು ಹಿಂದೆ ಹೇಳಿದ್ದನ್ನು ತಂಗಿಯ ಅನುಮತಿ ಕೇಳಿ ತಿದ್ದಿಕೊಂಡೆ. ಇದನ್ನು ಇಲ್ಲಿ ಬರೆಯುವುದಕ್ಕೂ ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಆ ದಿನ ಪಾಠ ಮುಗಿದ ಮೇಲೆ ನಾಲ್ಕು ಮಕ್ಕಳ ತಾಯಿಯೊಬ್ಬರು ಎಲ್ಲರೂ ಹೋಗುವವರೆಗೆ ಕಾದು ಕುಳಿತು, "ಆಪಾ, ನನಗೆ ಎರಡನೆಯ ಮಗುವಿನ ಹೊತ್ತಿಗೆ ಹೀಗೇ ಆಗಿತ್ತು. ಹನ್ನೊಂದು ವರ್ಷವಾಯಿತು" ಎಂದರು.

ಅರ್ಧಕ್ಕೆ ನಿಂತ ಆ ಕೌದಿಯ ಮಾತು ಉಳಿಯಿತು. ತಂಗಿ ಅದನ್ನು ಮುಟ್ಟುವುದಿಲ್ಲ ಎಂದಳು, ಎಸೆಯಲೂ ಬಿಡಲಿಲ್ಲ. ಅವಳು ಹುಬ್ಬಳ್ಳಿಗೆ ಹೊರಡುವ ಮುಂಚಿನ ವಾರ ಅಮ್ಮಿ ಅದನ್ನು ಪಡಸಾಲೆಯಲ್ಲಿ ಹಾಸಿದರು. ನಾನು, ಅತ್ತಿಗೆ, ಪಕ್ಕದ ಮನೆಯ ಖಾಲಾ ಸುತ್ತ ಕುಳಿತು ಆಳಿಗೊಂದು ಸೂಜಿ ಹಿಡಿದೆವು. ಮೂರನೆಯ ದಿನ ತಂಗಿಯೂ ಬಂದು ಕುಳಿತಳು, ಚಹಾ ಬರುವವರೆಗೆ ಹೊಲಿದು ಎದ್ದಳು. ಸಿದ್ದಿಗಳ ಕೌದಿ ಅಂಚಿನಿಂದ ಮಧ್ಯಕ್ಕೆ ಸಾಗುತ್ತದೆಂದು ಹೇಳಿದೆನಲ್ಲ. ಇದರ ಅಂಚಿನ ಸುತ್ತುಗಳಲ್ಲಿ ಅಕ್ಕಿಕಾಳಿಗಿಂತ ಸಣ್ಣ, ಒಂದಕ್ಕೊಂದು ಒತ್ತಿಕೊಂಡ ಹೊಲಿಗೆ. ಮಧ್ಯಕ್ಕೆ ಬಂದಂತೆ ನಮ್ಮೆಲ್ಲರ ಸೊಟ್ಟ, ಉದ್ದುದ್ದ ಹೊಲಿಗೆ. ಒಂದು ಮೂಲೆಗೆ ಹೂ ಇಡುವುದನ್ನೇ ಮರೆತಿದ್ದೇವೆ. ಮೊನ್ನೆ ರಜೆಗೆ ಬಂದಿದ್ದ ಮಗು ಪೆಟ್ಟಿಗೆಯಿಂದ ಅದನ್ನೇ ಎಳೆದುಕೊಂಡು ಅಂಗಳದ ತನಕ ಹೋಗಿದ್ದ.